ಮೂಗಿನ ಹೊಳ್ಳೆಗೆ ಯಾರ ಹೆಸರು?

ನಮ್ಮ ಚಿಕ್ಕಮ್ಮನ ಎದುರು ಯಾರೂ ಸುಮ್ಮನೆ ಕೂರಬಾರದು. ಕೂತರೆ ನಿಮ್ಮನ್ನು ಓದಿಬಿಡುತ್ತಾಳೆ! ಅಂಗೈ ನೋಡಿ ಭವಿಷ್ಯ ಹೇಳುವವರ ಓದಲ್ಲ ಅದು. ಅವಳು ಓದುವುದು ಕಿವಿ, ಮೂಗು, ಗದ್ದ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, ನಾನು ಕಾಫಿ ತಟ್ಟೆ ಹಿಡಿದು ಬಗ್ಗಿದ ಗಳಿಗೆಯಲ್ಲೇ, "ನಿನ್ ಕಿವಿ ನೋಡೇ, ತಲೆಕಟ್ಟು ಕಳಚ್ಕೊಂಡಿರೋ ಅಕ್ಸರ ಇದ್ದಂಗದೆ" ಅಂದುಬಿಟ್ಟಳು. ಗಂಡಿನ ತಾಯಿ ಆಮೇಲೆ ನನ್ನ ಮುಖ ನೋಡಲೇ ಇಲ್ಲ, ಕಿವಿಯನ್ನೇ ನೋಡುತ್ತ ಕೂತರು. ಆ ಸಂಬಂಧ ಕೂಡಿಬಂತು, ಅದು ನನ್ನ ಪುಣ್ಯ. ಆದರೆ ಅತ್ತೆಯವರು ಪ್ರತಿ ಹಬ್ಬಕ್ಕೂ ನನಗೆ ಓಲೆಯನ್ನೇ ಕೊಡಿಸುತ್ತಾರೆ. ಕಿವಿ ಪೂರ್ತಿ ಮುಚ್ಚುವಂಥವು!

ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಚಿಕ್ಕಮ್ಮನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು, ಜೆರಾಕ್ಸು, ಹೀಗೆ ಊರಿಗೆ ಬೇಕಾದ್ದೆಲ್ಲ ಅಲ್ಲಿ ಆಗುತ್ತದೆ. ಅದು ಹೊಟ್ಟೆಪಾಡು. ಅವಳ ಜೀವ ಇರುವುದು ಬೇರೊಂದು ಹುಚ್ಚಿನಲ್ಲಿ. ಯಾರ ಫೋಟೊ ಕೈಗೆ ಸಿಕ್ಕಿದರೂ ಅದನ್ನು ಅಕ್ಷರ ಮಾಡುವುದು! ದೂರದಿಂದ ನೋಡಿದರೆ ಒಬ್ಬ ಮನುಷ್ಯ ನಗುತ್ತಿರುತ್ತಾನೆ. ಹತ್ತಿರ ಹೋದರೆ ಗೆರೆಯೂ ಇಲ್ಲ, ಬಣ್ಣವೂ ಇಲ್ಲ, ಬರೀ ಕನ್ನಡ ಅಕ್ಷರ. ಕಪ್ಪು ಬೇಕಾದ ಕಡೆ ದಪ್ಪ ಅಕ್ಷರ ಒತ್ತೊತ್ತಾಗಿ, ಬೆಳಕು ಬೀಳುವ ಕಡೆ ಸಣ್ಣವು ಚೆದುರಿದಂತೆ.

ಇದು ಶುರುವಾದದ್ದು ಕೆ.ಆರ್. ನಗರದ ಒಬ್ಬ ಮದುವೆ ಗಂಡಿನಿಂದ. ಅವನ ಒಂದೇ ಒಂದು ಫೋಟೊಕ್ಕೆ ಯಾರೋ ಪಿನ್ನು ಹೊಡೆದಿದ್ದರು, ಅದೂ ಸರಿಯಾಗಿ ಕಣ್ಣಿಗೆ! ಪತ್ರಿಕೆಯಲ್ಲಿ ಒಕ್ಕಣ್ಣನನ್ನು ಹಾಕುವುದು ಹೇಗೆ? ಚಿಕ್ಕಮ್ಮ ತೂತಾದ ಜಾಗಕ್ಕೆ ಒಂದು 'ಠ' ತಂದು ಕೂರಿಸಿದಳು. ದುಂಡಗೆ, ನಡುವೆ ಬೊಟ್ಟು, ಸಾಕ್ಷಾತ್ ಕಣ್ಣು! ಆ ಒಂದು ಕಣ್ಣು ಅವಳನ್ನು ನೋಡಿ ಅದೇನು ಸನ್ನೆ ಮಾಡಿತೋ ಕಾಣೆ, ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಮೊದಮೊದಲು ಬಿಡಿ ಅಕ್ಷರಗಳಲ್ಲೇ ಕೆಲಸ. ನಮ್ಮ ಸೀಮೆಯಲ್ಲಿ ಹಕಾರ, ಮಹಾಪ್ರಾಣ ಎಲ್ಲ ಬಾಯಿಗೆ ಬರುವುದು ಕಡಿಮೆ. 'ಹಳ್ಳಿ' ಅಳ್ಳಿಯಾಗುತ್ತದೆ, 'ಹಾಲು' ಆಲಾಗುತ್ತದೆ. ಹಾಗಾದರೆ ನುಡಿಯದೆ ಉಳಿದ ಹಕಾರಗಳೆಲ್ಲ ಎಲ್ಲಿ ಹೋಗುತ್ತವೆ ಅಂದುಕೊಂಡಿದ್ದೀರಿ? ಎಲ್ಲ ನಮ್ಮ ಚಿಕ್ಕಮ್ಮನ ಅಂಗಡಿಗೆ! ಅಲ್ಲಿ ಅವಳು ಅವನ್ನು ಖ, ಘ, ಝಗಳ ಜೊತೆ ಸೇರಿಸಿ ಗಂಡಸರ ಮೀಸೆಗೆ ತುಂಬುತ್ತಾಳೆ.

"ಇದಕ್ಕೆಲ್ಲ ಇಷ್ಟೊಂದು ಕಣ್ಣು ಕೀಳ್ಕೋಬೇಕಾ ಚಿಕ್ಕಮ್ಮ? ಫೋನಲ್ಲಿ ಒಂದು ಬಟನ್ ಒತ್ತಿದ್ರೆ ತಾನೇ ಆಗುತ್ತೆ" ಎಂದೆ ಒಂದು ದಿನ.

"ಅಂಗ್ಡೀಲಿ ಇಟ್ಟು ಸಿಗ್ತದೆ ಅಂತ ನಿಮ್ಮವ್ವ ರಾಗಿ ಬೀಸೋದ ಬುಟ್ಟವ್ಳಾ?"

"ನಾನು ಹುಟ್ಟೋದಕ್ಕೆ ಮುಂಚೇನೇ ಬಿಟ್ಟಿದ್ದಾಳಲ್ಲ!"

"ಅದ್ಕೇ ಅವಳ ಮುದ್ದೆ ಅಂಗಿರೋದು."

ನಾನೂ ಹಟಕ್ಕೆ ಬಿದ್ದು ಬಟನ್ ಒತ್ತಿ ತೋರಿಸಿದೆ. ಫೋನು ನಮ್ಮ ಅಕ್ಷರಗಳ ಒತ್ತನ್ನೆಲ್ಲ ಕಿತ್ತು ಒಂದು ಕಡೆ, ಕೊಂಬು, ದೀರ್ಘವನ್ನು ಇನ್ನೊಂದು ಕಡೆ ಎಸೆದು, ನನ್ನ ಮುಖವನ್ನು ಗೂಳಿ ನುಗ್ಗಿದ ಸಂತೆ ಮಾಡಿಟ್ಟಿತು. ಚಿಕ್ಕಮ್ಮ ನೋಡಿದಳು. ನಗಲಿಲ್ಲ. "ಕಿವಿ ಮಾತ್ರ ಸರ್ಯಾಗ್ ಬಂದದೆ ಕಣೇ" ಅಂದಳು!

ಬರಬರುತ್ತ ಬಿಡಿ ಅಕ್ಷರ ಬೇಸರವಾಯಿತು. ಮುಖಕ್ಕೊಂದು ಅರ್ಥ ಬೇಡವೆ? ಮಾತುಗಳಿಂದಲೇ ಮುಖ ಕಟ್ಟತೊಡಗಿದಳು. ನಿಜವಾದ ಫಜೀತಿ ಶುರುವಾದದ್ದು ಆಗಲೇ.

ಬಿಳಿಕೆರೆಯ ಒಬ್ಬ ಯುವ ಮುಖಂಡನ ಹುಟ್ಟುಹಬ್ಬಕ್ಕೆ ಅವನ ಗೆಳೆಯರು ಫ್ಲೆಕ್ಸು ಹೇಳಿದರು. ಕೆಳಗೆ ಸಾಲಾಗಿ ಗೆಳೆಯರ ಹೆಸರು ಹಾಕುವುದು ಪದ್ಧತಿ. ಚಿಕ್ಕಮ್ಮ ಕೆಳಗೆ ಹಾಕಲಿಲ್ಲ, ಆ ಹೆಸರುಗಳಿಂದಲೇ ಮುಖಂಡನ ಮುಖ ಮಾಡಿದಳು. ಹೆದ್ದಾರಿ ಪಕ್ಕ ಫ್ಲೆಕ್ಸು ನಿಂತಿತು. ಬಸ್ಸಿನವರೂ ತಲೆ ಹೊರಗೆ ಹಾಕಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಆ ಗೆಳೆಯರಲ್ಲೊಬ್ಬ ಹುಡುಗ ಬೈಕಿನಲ್ಲಿ ಹುಣಸೂರಿಗೆ ಹಾರಿ ಬಂದ.

"ಏನಕ್ಕಾ ಇದು! ನನ್ ಎಸ್ರ ತಗೊಂಡೋಗಿ ಮೂಗಿನ್ ಒಳ್ಳೇಲಿ ಆಕಿದ್ದೀರಲ್ಲ!"

"ಒಳ್ಳೇ ಜಾಗನೇ ಅಲ್ವೇನಪ್ಪಾ?"

"ಅಕ್ಕಾ!"

"ಕೂತ್ಕೊ, ಕ್ವಾಪ ಮಾಡ್ಕೋಬ್ಯಾಡ. ಅಣೆ ಮ್ಯಾಲೆ ಇರೋರು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನೀನಿರೋದು ಉಸ್ರು ಓಡಾಡೋ ತಾವು. ನಿನ್ ಬುಟ್ರೆ ಅವನು ಬದುಕ್ತಾನಾ?"

ಹುಡುಗ ಒಂದು ಗಳಿಗೆ ಯೋಚಿಸಿದ. ಎದೆ ತಾನಾಗಿ ಮುಂದೆ ಬಂತು. ಸಂಜೆ ಅವನು ಅದೇ ಫ್ಲೆಕ್ಸಿನ ಕೆಳಗೆ ನಿಂತು, ಹೊಳ್ಳೆಗೆ ಕೈ ತೋರಿಸಿ ಬಂದವರಿಗೆಲ್ಲ ತನ್ನ ಸ್ಥಾನಮಾನ ವಿವರಿಸುತ್ತಿದ್ದನಂತೆ. ಮುಂದಿನ ವರ್ಷ ಹುಟ್ಟುಹಬ್ಬ ಹತ್ತಿರ ಬಂದಾಗ ಇಡೀ ಗುಂಪಿನಲ್ಲಿ ಹೊಳ್ಳೆಗೇ ಪೈಪೋಟಿ! ಮನುಷ್ಯನಿಗೆ ದೇವರು ಕೊಟ್ಟದ್ದು ಎರಡೇ ಹೊಳ್ಳೆಯಲ್ಲವೆ? ಚಿಕ್ಕಮ್ಮ ಏನು ಮಾಡಿಯಾಳು!

ಪಿರಿಯಾಪಟ್ಟಣದ ಮದುವೆಯದು ಇನ್ನೊಂದು ಕಥೆ. ಗಂಡಿನ ಅಕ್ಕ ಬಂದು, ತಮ್ಮನ ಗುಣಗಳಿಂದಲೇ ಅವನ ಮುಖ ಮಾಡಿ ಛತ್ರದ ಬಾಗಿಲಿಗೆ ನಿಲ್ಲಿಸಬೇಕು ಎಂದಳು. ಒಳ್ಳೆಯ ಆಸೆಯೇ. ಆದರೆ ಗುಣಗಳು ಗದ್ದದಿಂದ ಹೊರಟು ಹುಬ್ಬಿನ ಹತ್ತಿರ ಬರುವಷ್ಟರಲ್ಲಿ ಮುಗಿದುಹೋದವು. ತಲೆಕೂದಲು ಪೂರ್ತಿ ಬಾಕಿ! ಚಿಕ್ಕಮ್ಮ ಫೋನು ಮಾಡಿ, "ಇನ್ನೇನಾದ್ರೂ ಇದ್ರೆ ಏಳವ್ವ" ಎಂದಳು. ಅಕ್ಕ ಬಹಳ ಹೊತ್ತು ಯೋಚಿಸಿ, "ಅವನ್ಗೆ ಊಟ ಅಂದ್ರೆ ಪ್ರಾಣ ಕಣಕ್ಕ" ಎಂದಳಂತೆ. ಸರಿ, ಕೂದಲು ಬೆಳೆಯಿತು: ಮುದ್ದೆ, ಬಸ್ಸಾರು, ಉಪ್ಸಾರು, ನಾಟಿಕೋಳಿ, ತಲೆಮಾಂಸ!

ಮದುವೆಯ ದಿನ ಹೆಣ್ಣಿನ ಅಜ್ಜಿ ಅದರ ಮುಂದೆ ನಿಂತು ಯಾರಿಂದಲೋ ಪೂರ್ತಿ ಓದಿಸಿಕೊಂಡರು. ಗಂಡಿನ ಕಡೆಯವರ ಮುಖ ಸಣ್ಣಗಾಗುತ್ತ ಬಂತು. ನಾನು ಚಿಕ್ಕಮ್ಮನ ಸೆರಗು ಹಿಡಿದು ಎಳೆದೆ, ಹಿಂಬಾಗಿಲಿನಿಂದ ಹೊರಟುಬಿಡೋಣ ಎಂದು. ಅಜ್ಜಿ ತಿರುಗಿದರು.

"ಗಂಡಿನ ತಲೇಲಿ ಬರೀ ಊಟನೇ ಅದೆ ಅನ್ನಿ."

ಅಜ್ಜಿ ಆ ಕೂದಲನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಒಳ್ಳೇದೇ ಆಯ್ತು ಬುಡ್ರವ್ವ. ಇಂಥೋನು ಎಲ್ಲೋದ್ರೂ ಉಣ್ಣೋ ಒತ್ಗೆ ಮನೆಗ್ ಬತ್ತಾನೆ!"

ಇಂಥ ಚಿಕ್ಕಮ್ಮನ ಗಂಡ ಹೇಗಿರಬೇಕು? ಚಿಕ್ಕಪ್ಪ ಹನಗೋಡಿನ ಕಡೆಯವರು, ಹೊಳೆ ದಂಡೆಯಲ್ಲಿ ಗದ್ದೆ. ಮಾತು ಅಂದರೆ ಅವರಿಗೆ ಕೈಯಿಂದ ದುಡ್ಡು ಹಾಕಿ ತಂದ ಗೊಬ್ಬರದ ಹಾಗೆ, ಬಲು ಮಿತ. ಅವರ ಮದುವೆಯ ವಾರ್ಷಿಕೋತ್ಸವ ಬಂದಾಗ ಚಿಕ್ಕಮ್ಮ, ಗಂಡ ಆಡುವ ಮಾತುಗಳಿಂದಲೇ ಗಂಡನ ಮುಖ ಮಾಡುತ್ತೇನೆಂದು ಹೊರಟಳು. ವಾರವೆಲ್ಲ ಕಿವಿಗೊಟ್ಟು ಕೂತಳು. ಭತ್ತದ ಬೆಲೆ ಬಿದ್ದಿದೆ ಅಂದರೆ "ಬುಡು". ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂದರೆ "ಬುಡು". ನಿಮ್ಮ ತಂಗಿ ಕೋಪ ಮಾಡಿಕೊಂಡು ಹೋದಳು ಅಂದರೂ "ಬುಡು". ಕಡೆಗೆ ಚಿತ್ರ ಗೋಡೆಗೆ ಬಂತು. ಹಣೆಯಿಂದ ಗದ್ದದವರೆಗೆ ಬುಡು, ಬುಡು, ಬುಡು! ಚಿಕ್ಕಪ್ಪ ಕೈ ಹಿಂದೆ ಕಟ್ಟಿಕೊಂಡು ದೂರದಿಂದ ನೋಡಿದರು. ಹತ್ತಿರ ಹೋಗಿ ಓದಿದರು. ಮತ್ತೆ ದೂರ ಬಂದರು. ನಾವೆಲ್ಲ ನಗು ತಡೆದುಕೊಂಡು ನಿಂತಿದ್ದೆವು.

"ಎಂಗದೆ?" ಎಂದಳು ಚಿಕ್ಕಮ್ಮ.

"ಬುಡು" ಅಂದರು ಚಿಕ್ಕಪ್ಪ.

ಹೀಗೆ ಪ್ರತಿ ಮುಖದಲ್ಲೂ ಎಲ್ಲೋ ಒಂದು ಕಡೆ ಅವಳ ತುಂಟತನ ಇದ್ದೇ ಇರುತ್ತದೆ. ಇಲ್ಲದ ಮುಖ ನಾನು ಕಂಡದ್ದು ಒಂದೇ.

ಹೋದ ಆಷಾಢದಲ್ಲಿ ನಾನು ಅಂಗಡಿಯಲ್ಲಿ ಹರಟೆ ಹೊಡೆಯುತ್ತ ಕೂತಿದ್ದಾಗ ವಯಸ್ಸಾದವರೊಬ್ಬರು ಬಾಗಿಲಲ್ಲಿ ಬಂದು ನಿಂತರು. ಅಂತರಸಂತೆ ಕಡೆಯವರು. ಟವೆಲ್ಲಿನೊಳಗಿಂದ ಪ್ಲಾಸ್ಟಿಕ್ ಕವರು, ಕವರಿನೊಳಗಿಂದ ಒಂದು ಫೋಟೊ ತೆಗೆದರು. ಸೋರುವ ಮಾಡಿನ ಕೆಳಗಿದ್ದು ನೀರು ಕುಡಿದು, ಮುಖವಿದ್ದ ಕಡೆ ಬಿಳಿ ಕಲೆ ಹಬ್ಬಿತ್ತು.

"ನಮ್ಮನೆಯವ್ಳು ಕಣವ್ವ. ತೀರ್ಕೊಂಡು ವರ್ಸ ಆಯ್ತಾ ಬಂತು. ಬೇರೆ ಪಟ ಇಲ್ಲ. ಕೋಟೆ ಪ್ಯಾಟೇಲಿ ಪಟ ತೆಗಿಯೋ ಅಂಗ್ಡೀಲಿ ಕೇಳ್ದೆ, ಇದ್ರಲ್ಲಿ ಏನೂ ಇಲ್ಲ ಓಗು ಅಂದ್ರು. ನೀವು ಏನೋ ಬೇರೆ ತರ ಮಾಡ್ತೀರಂತಲ್ಲ..."

ಚಿಕ್ಕಮ್ಮ ಫೋಟೊವನ್ನು ಕೈಚಾಚಿ ದೂರ ಹಿಡಿದಳು. ಕಣ್ಣು ಕಿರಿದು ಮಾಡಿದಳು. ಬಾಗಿಲ ಬೆಳಕಿಗೆ ಹೋಗಿ ಮತ್ತೆ ನೋಡಿದಳು.

"ಯಾಕಿಲ್ಲ ಯಜಮಾನ್ರೇ? ಅವ್ರೆ. ಇಲ್ಲೇ ಅವ್ರೆ" ಅಂದಳು.

ಆ ಹಿರಿಯರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅವರೆಸ್ರೇನು?" ಎಂದು ಕೇಳಿದಳು ಚಿಕ್ಕಮ್ಮ. ಅವರು ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತ, "ನಾನು ಎಸ್ರಿಡಿದು ಕರ್ದೋನೇ ಅಲ್ಲ ಕಣವ್ವ. ಅಮ್ಮಿ ಅಂತಿದ್ದೆ. ಅಷ್ಟಕ್ಕೇ ತಿರುಗೋಳು" ಎಂದರು.

"ಈಗ ಎಸ್ರು ಏಳಿ. ಎಸ್ರಿಲ್ದೆ ಮುಖ ಮಾಡಕ್ಕಾಗಕ್ಕಿಲ್ಲ."

ಅವರು ರಸ್ತೆಯ ಕಡೆ ಒಮ್ಮೆ ನೋಡಿದರು. ತಗ್ಗಿದ ದನಿಯಲ್ಲಿ, "ನಿಂಗಮ್ಮ" ಎಂದರು.

ಚಿಕ್ಕಮ್ಮ ಕೂತಳು. ಈಗ ಏನಾದರೂ ಒಂದು ಚೇಷ್ಟೆ ಮಾಡುತ್ತಾಳೆ ಎಂದು ಕಾದೆ. ಅವಳು ಮಾಡಲಿಲ್ಲ. ಕಲೆಯ ಸುತ್ತ ಉಳಿದಿದ್ದ ನೆರಳನ್ನು ಹಿಡಿದು ಕೂದಲು, ಹುಬ್ಬು, ಕೆನ್ನೆಯ ಮೂಳೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕಟ್ಟುತ್ತ ಹೋದಳು. ಸಂದೇಹ ಬಂದಲ್ಲಿ ಅವರನ್ನು ಕರೆದು ತೋರಿಸಿದಳು. "ಕೆನ್ನೆ ಇಷ್ಟು ತುಂಬಿರ್ಲಿಲ್ಲ" ಎಂದರೆ ಕಡಿಮೆ ಮಾಡಿದಳು. "ಮೂಗ್ಬೊಟ್ಟು ಇತ್ತು, ಪಟ್ದಲ್ಲಿ ಕಾಣಕ್ಕಿಲ್ಲ" ಎಂದಾಗ, ಆ ಜಾಗದ 'ನಿಂ'ನಲ್ಲಿದ್ದ ಸೊನ್ನೆಯೊಂದನ್ನೇ ತುಸು ದೊಡ್ಡದು ಮಾಡಿದಳು. ಅವರು ಹಿಂದಕ್ಕೆ ಸರಿದು ಗೋಡೆಗೆ ಒರಗಿದರು.

ಕಾಗದದ ಮೇಲೆ ಅಚ್ಚಾಗಿ ಬಂದಾಗ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಂಗೆ ಓದಕ್ಕೆ ಬರಕ್ಕಿಲ್ಲ. ಇದ್ರಲ್ಲಿ ಅವ್ಳೆಸ್ರು ಎಲ್ಲದೆ ತಾಯಿ?"

ಚಿಕ್ಕಮ್ಮ ಅವರ ಬೆರಳು ಹಿಡಿದು ಹಣೆಯ ಮೇಲಿಟ್ಟಳು. "ನಿಂಗಮ್ಮ." ಬೆರಳು ಸರಿಸಿದಳು. "ನಿಂಗಮ್ಮ."

"ಇಲ್ಲಿ?"

"ಅಲ್ಲೂ ನಿಂಗಮ್ಮನೇ."

ಹೊರಗೆ ಕೋಟೆ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಬಸ್ಸು ಹೊರಡುತ್ತದೆ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಬೆರಳು ಹುಬ್ಬು ದಾಟಿ, ಕೆನ್ನೆಯ ಮೇಲಿಂದ ಇಳಿದು, ಗದ್ದಕ್ಕೆ ಬಂದು ನಿಂತಿತು. ಅಲ್ಲಿಂದಾಚೆ ಬರೀ ಕಾಗದ.

"ಇನ್ನೊಂದ್ ಕಿತ ಮೊದ್ಲಿಂದ ಏಳ್ಕೊಡವ್ವ" ಎಂದರು.

ಚಿಕ್ಕಮ್ಮ ಎದ್ದು, ತನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಬೆರಳನ್ನು ಮತ್ತೆ ಹಣೆಯ ಮೇಲಿಟ್ಟಳು. ಈ ಸಲ ಅವರೇ ಹೆಸರು ಹಿಡಿದು ಕರೆದರು, ಗಟ್ಟಿಯಾಗಿ, ಹೊಲದ ಆಚೆ ಬದುವಿನಲ್ಲಿ ಇರುವವರನ್ನು ಕರೆಯುವ ಹಾಗೆ.