ನಿಗಾದಲ್ಲಿಟ್ಟ ಬಿಳಿ ಕೋಳಿ

ಹರಿಹರದ ಕಡೆ ಒಂದು ದನದ ಆಸ್ಪತ್ರೇಲಿ ನಾನು ಜವಾನ. ಅಲ್ಲಿ ರೋಗ ಬರೋದು ದನಕ್ಕೆ, ಕೋಳಿಗೆ. ನಗೆಪಾಟಲಾಗೋದು ಮಾತ್ರ ದಿನಾಲೂ ಮನುಷ್ಯರು. ಸಂಜೆ ಮನೇಲಿ ಹೇಳಿದ್ರೆ ನಮ್ಮಾಕಿ ನಗ್ತಿದ್ದಳು. ಆಕಿ ಹೋಗಿ ನಾಕು ತಿಂಗಳಾತು. ಕೇಳೋರಿಲ್ಲ. ಬರೀತೀನಿ.

೧

ಹೋದ ವರ್ಷ ಸರ್ಕಾರ ಸೀಮೆ ತಳಿಯ ಬಿಳಿ ಕೋಳಿ ಹಂಚಿತ್ತು. ಜುಟ್ಟು ಬಿಳಿಚಿಕೊಂಡು, ಹೊಟ್ಟೆ ಊದಿ ಸಾಯತೊಡಗಿದವು. ಕಡರನಾಯಕನಹಳ್ಳಿ ಯಜಮಾನರೊಬ್ಬರು ಸತ್ತದ್ದೊಂದು ತಂದ್ರು. ಡಾಕ್ಟ್ರು ಕೊಯ್ದ್ರು. ಹೊಟ್ಟೆ ತುಂಬ ಬರೀ ಊದಿದ ಕಲೀಜ, ಅದೇ ಲಿವರು.

"ಇದು ವೈರಸ್ಸು. ಮೊಟ್ಟೆಯಿಂದ ಮರಿಗೆ ಬರುತ್ತೆ. ಮನುಷ್ಯರಿಗೆ ಏನೂ ಆಗಲ್ಲ. ಆದ್ರೆ ಮದ್ದಿಲ್ಲ."

"ಮದ್ದಿಲ್ಲ ಅಂದ್ರೆ ಕೊಯ್ದಿದ್ಯಾಕ್ರಿ? ನಮ್ಮನ್ಯಾಗೂ ಈಳಿಗೆ ಐತೆ."

೨

ದಾವಣಗೆರೆಯವನೊಬ್ಬ ಕಾಳಗದ ಹುಂಜ ತಂದ. ಕಾಲು ಒನಕೆ ಹಂಗೆ. ಕಾಲು ನೋಡೇ ಕೊಂಡಿದ್ದನಂತೆ. ಹುಂಜ ಎರಡು ಹೆಜ್ಜೆ ಇಟ್ಟು ಕೂತುಬಿಡ್ತಿತ್ತು.

"ಇದೂ ಅದೇ ಗುಂಪಿನ ವೈರಸ್ಸು. ಕೆಲವಕ್ಕೆ ಕಲೀಜ ಊದಿಸುತ್ತೆ, ಕೆಲವಕ್ಕೆ ಕಾಲಿನ ಮೂಳೆ ದಪ್ಪ ಮಾಡುತ್ತೆ" ಅಂದ್ರು ಡಾಕ್ಟ್ರು.

ಆತ ಯೋಚಿಸಿ ಕೇಳಿದ: "ಹಂಗಾರೆ ನಮ್ಮೂರ ಪೈಲ್ವಾನ್ರನ್ನೂ ಒಮ್ಮೆ ಕರ್ಕೊಂಡು ಬರ್ಲೇನ್ರಿ?"

೩

ಹಂಚಿದ ಕೋಳಿ ಎಲ್ಲಾ ಕೊಲ್ಲಬೇಕು ಅಂತ ಮೇಲಿಂದ ಹುಕುಂ ಬಂತು. ನಮ್ಮಾಕಿ ನಾಕು ಸಾಕಿದ್ದಳು, ಮೂರು ಸತ್ತು ಒಂದು ಉಳಿದಿತ್ತು. ಡಾಕ್ಟ್ರು ಕೊಲ್ಲಿಸೋಕೆ ಬಂದಾಗ ಅದನ್ನ ಸೆರಗಲ್ಲಿ ಸುತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

ಡಾಕ್ಟ್ರ ಮನೇಲಿ ಮೊಟ್ಟೆ ಹೆಸರೆತ್ತಂಗಿಲ್ಲ. ದಿನಾ ಬೆಳಿಗ್ಗೆ ನಮ್ಮ ಅಡುಗೆಮನೇಲಿ ಗುಟ್ಟಾಗಿ ಆಮ್ಲೆಟ್ಟು ತಿಂತಿದ್ರು.

"ಕೊಲ್ಲಿಸ್ರಿ ಸಾಹೇಬ್ರೆ. ನಾಳಿಂದ ನಾಷ್ಟಾ ಎಲ್ಲಿ?" ಅಂದಳು.

ಅವರು ಪೆನ್ನು ತೆಗೆದು ಬರೆದ್ರು: 'ರೋಗದ ಲಕ್ಷಣವಿಲ್ಲ. ಪರೀಕ್ಷೆಗಾಗಿ ನಿಗಾದಲ್ಲಿಟ್ಟಿದೆ.' ಹೊರಡುವಾಗ, "ಮರಿ ಮಾತ್ರ ಮಾಡಿಸಬೇಡಮ್ಮ" ಅಂದ್ರು.

"ಮರಿ ಮಾಡಿಸೋಕೆ ನೀವು ಮೊಟ್ಟೆ ಉಳಿಸಬೇಕಲ್ರಿ."

೪

ಆಕಿ ಜ್ವರದಲ್ಲಿ ಹೋದಳು. ಐದನೇ ದಿನ ಡಾಕ್ಟ್ರು ಬಂದು ಜಗಲಿ ಮೇಲೆ ಕೂತ್ರು. "ಧೈರ್ಯ ತಗೋ" ಅಂತ ಕಣ್ಣೊರೆಸಿಕೊಂಡ್ರು. ಒಳಗೆ ಬಿಳಿ ಕೋಳಿ ಮೊಟ್ಟೆ ಇಟ್ಟು ಕೂಗಿತು. ಡಾಕ್ಟ್ರು ಅತ್ತ ನೋಡಿದ್ರು.

"ಪರೀಕ್ಷೆ ಮಾತ್ರ ನಿಲ್ಲಿಸಬಾರದಪ್ಪ."

ಎದ್ದು ಒಲೆ ಹಚ್ಚಿದೆ. ಆಕಿ ಹೋದಮೇಲೆ ನಮ್ಮನೆ ಒಲೆ ಹತ್ತಿದ್ದು ಅವತ್ತೇ.

ಒಂದು ತುತ್ತು ತಿಂದು, "ಆಕೆ ಮಾಡಿದಂಗಿಲ್ಲ ಬಿಡು" ಅಂದ್ರು.

"ಹೌದ್ರಿ. ಕೋಳಿನ ಇಟ್ಟಂಗೆ ಆಕಿನೂ ನಿಗಾದಾಗ ಇಡಬೇಕಿತ್ತು."

ತಲೆ ತಗ್ಗಿಸಿ ಪೂರಾ ತಿಂದ್ರು. ಆಮೇಲೆ ಇನ್ನೊಂದಕ್ಕೆ ಅಂತ ಖಾಲಿ ತಟ್ಟೆ ಮುಂದೆ ಸರಿಸಿದ್ರು.