ಬಿಟ್ಟಂಗಾಲದ ಓಣಿಯಷ್ಟೇ ಅಗಲವಿರುವ ಕಾರಿನವರಿಗೆ

ಕುಟ್ಟದ ಉದಯನ ಮನೆಯಲ್ಲಿ ಹುಟ್ಟಿಬೆಳೆದಂತೆ ಇದ್ದು, ಎರಡು ದಿನಗಳ ಮಟ್ಟಿಗೆ ನಮ್ಮ ಬಿಟ್ಟಂಗಾಲಕ್ಕೆ ದಯಮಾಡಿಸಿದ, ಮುತ್ತಿನ ಬಿಳುಪಿನ, ಏಳು ಆಸನಗಳ ದೊಡ್ಡ ಕಾರಿನವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ನಾಲ್ಕೂ ಚಕ್ರಗಳು, ಆನೆಯ ಕಿವಿಯಷ್ಟು ಅಗಲದ ಎರಡೂ ಕನ್ನಡಿಗಳು ಮತ್ತು ಹೊರಗೆ ಬಿಸಿಲಿದ್ದರೂ ಒಳಗೆ ಸೀನುವಂತೆ ಮಾಡುವ ತಮ್ಮ ತಂಪುಗಾಳಿ ಕ್ಷೇಮವಾಗಿವೆಯೆಂದು ನಂಬಿದ್ದೇನೆ. ಇತ್ತ ನಾವೆಲ್ಲರೂ ಕ್ಷೇಮ. ನಮ್ಮ ಓಣಿಯ ಎರಡು ಬದಿಗೆ ಗೋಡೆಯಂತೆ ಎದ್ದಿರುವ ಮಣ್ಣಿನ ದರೆಗಳು ಕೂಡ, ತಾವು ಮೈಗೆ ಸವರಿಕೊಂಡು ಹೋದ ಮಣ್ಣನ್ನು ಬಿಟ್ಟರೆ, ಕ್ಷೇಮವೇ.

ತಮಗೆ ನಮ್ಮ ಪರಿಚಯ ಸರಿಯಾಗಿ ಆಗಲಿಲ್ಲ. ನಾನು ಯಮುನಾ, ಕಾಫಿ ತೋಟದ ಅಪ್ಪಯ್ಯನ ಅಕ್ಕ, ಅವನ ಮಗ ಗಿರಿಗೆ ಸೋದರತ್ತೆ. ಗಿರಿಗೆ ಕುಶಾಲನಗರದ ಕಡೆಯ ಸಣ್ಣಸ್ವಾಮಿಯವರ ಮಗಳು ಗಾನವಿಯನ್ನು ನೋಡಿಯಾಗಿತ್ತು, ಹುಡುಗ ಹುಡುಗಿ ಒಪ್ಪಿಯೂ ಆಗಿತ್ತು. ಹೆಣ್ಣಿನ ಕಡೆಯವರು ಬಂದು ನಮ್ಮ ಮನೆ ನೋಡಿ, ಸಣ್ಣಸ್ವಾಮಿಯವರ ತಾಯಿ ಮುತ್ತಮ್ಮನವರು ಹೂಂ ಅನ್ನುವುದೊಂದೇ ಬಾಕಿ. ಆ ಹೂಂ ಬಾರದಿದ್ದರೆ ಸಂಬಂಧ ಮುರಿದಂತೆಯೇ ಎಂದು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಥ ಒಂದು ಹೂಂಕಾರಕ್ಕೆ ಅಡ್ಡವಾಗಿ ತಾವು ಹೇಗೆ ನಿಂತಿರಿ ಎಂಬುದನ್ನು ಸಾರ್ವಜನಿಕರ ಎದುರಿಗೆ ನಿವೇದಿಸಿಕೊಳ್ಳುವುದೇ ಈ ಪತ್ರದ ಉದ್ದೇಶ.

ಜಪಾನಿನವರು ಬೆಂಕಿಪೊಟ್ಟಣದಂಥ ಕಾರನ್ನೂ ಅಮೆರಿಕದವರು ಅಡುಗೆಮನೆ ಸಮೇತವಾದಂಥ ಕಾರನ್ನೂ ಇಷ್ಟಪಡುತ್ತಾರೆಂದು, ಅದಕ್ಕೆ ಅವರವರ ಸಂಸ್ಕೃತಿಯೇ ಕಾರಣವೆಂದು ನಾನು ಪತ್ರಿಕೆಗಳಲ್ಲಿ ಓದಿದ್ದೇನೆ. ಅಷ್ಟು ದೂರ ಹೋಗುವ ಕಷ್ಟ ಆ ಲೇಖಕರಿಗೆ ಏಕೆ ಬೇಕಿತ್ತೋ, ಬಿಟ್ಟಂಗಾಲದಿಂದ ಕುಶಾಲನಗರಕ್ಕೆ ಒಮ್ಮೆ ಹೋಗಿಬಂದಿದ್ದರೆ ಸಾಕಿತ್ತು. ನಮ್ಮ ಕಡೆ ಕಾರು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಅದನ್ನು ಅಂಗಳದಲ್ಲಿ ಒಂದೇ ಸಲಕ್ಕೆ ತಿರುಗಿಸಿ ನೋಡುತ್ತಾರೆ. ತಿರುಗದಿದ್ದರೆ ಅದು ಕಾರಲ್ಲ, ಗೋದಾಮು. ನಾನು ಚಿಕ್ಕವಳಿದ್ದಾಗ ಈ ಓಣಿಯಲ್ಲಿ ಓಡುತ್ತಿದ್ದ ಜೀಪು ನಮ್ಮ ಇಡೀ ಮನೆಯನ್ನು, ಮೆಣಸಿನ ಮೂಟೆಗಳನ್ನು ಮತ್ತು ಒಮ್ಮೆ ಬಾಡಿಗೆಗೆ ತಂದ ಹಾರ್ಮೋನಿಯಂ ಪೆಟ್ಟಿಗೆಯನ್ನು ಒಟ್ಟಿಗೆ ಹೊತ್ತು ತಂದಿತ್ತು, ದರೆಯ ಒಂದು ಹುಲ್ಲುಕಡ್ಡಿ ಅಲುಗಿರಲಿಲ್ಲ. ಕುಶಾಲನಗರದ ಬಯಲಿನಲ್ಲಿ, ಅಪ್ಪ ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ನೆಲೆ ನಿಂತವರ ಲೆಕ್ಕ ಬೇರೆ. ಅಲ್ಲಿ ರಸ್ತೆ ನೇರ, ಹೊಲ ಅಗಲ, ನೆಂಟರು ಬಹಳ. ಅತ್ತೆ ಮಾವ ಭಾವ ಮೈದುನ ಎಲ್ಲರೂ ಒಂದೇ ಗಾಡಿಯಲ್ಲಿ ಕೂರದಿದ್ದರೆ ಅದು ಜಗಳವಾಡಿಕೊಂಡ ಮನೆಯೆಂದು ಊರು ಮಾತಾಡುತ್ತದೆ. ಕುಟ್ಟದ ಮೇಲೆ ಕೇರಳದಿಂದ ಬರುವವರು ಪುಟ್ಟ ಕಾರಿನಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹಾಡುತ್ತಾ ಬರುತ್ತಾರೆ. ಬೆಂಗಳೂರಿನವರು ಮೂರು ಸಾಲಿನ ಕಾರಿನಲ್ಲಿ ಗಂಡ, ಹೆಂಡತಿ, ನಾಯಿ ಸಾಲಿಗೊಬ್ಬರಂತೆ ಕುಳಿತು ಸುಮ್ಮನೆ ಬರುತ್ತಾರೆ. ಇದರಲ್ಲಿ ಯಾರದೂ ತಪ್ಪಿಲ್ಲ. ತಪ್ಪೆಲ್ಲ ನಮ್ಮ ಪಕ್ಕದ ತೋಟದ ಬೊಳ್ಳಪ್ಪನದು.

ಈ ಸಂಬಂಧಕ್ಕೆ ನಡುವೆ ನಿಂತು ಮಾತಾಡಿದವನು ಬೊಳ್ಳಪ್ಪ. ಎರಡೂ ಮನೆಯ ಒಳಿತು ಬಯಸುವ ಅವನು ನನ್ನ ತಮ್ಮನ ಬಳಿ ಬಂದು, "ಅಪ್ಪಯ್ಯಣ್ಣ, ಆ ಕಡೆಯವ್ರು ಮನೆ ಅಳೆಯೋದೇ ಕಾರಲ್ಲಿ. ನಿಮ್ಮ ಈ ಹಳೇ ಪುಟ್ಟ ಎಂಟುನೂರು ಕಾರು ನೋಡಿದ್ರೆ ಹುಡುಗಿ ಕೊಡೋದುಂಟಾ?" ಎಂದ. ಅದೇ ಬಾಯಲ್ಲಿ ಸಣ್ಣಸ್ವಾಮಿಯವರಿಗೆ ಫೋನು ಮಾಡಿ, "ಇಲ್ಲಿಯವ್ರಿಗೆ ದೊಡ್ಡ ಕಾರು ಅಂದ್ರೆ ಜಂಬ ತೋರಿಸಲಿಕ್ಕೆ ಬಂದ ಹಾಗೆ, ಸಣ್ಣದ್ರಲ್ಲೇ ಬನ್ನಿ" ಎಂದೂ ಹೇಳಿದ. ಪರಿಣಾಮವಾಗಿ ನಾವು ನಮ್ಮ ಎಂಟುನೂರಕ್ಕೆ ಟಾರ್ಪಾಲು ಹೊದಿಸಿ, ಗಿರಿಯ ಗೆಳೆಯ ಉದಯನಿಂದ ತಮ್ಮನ್ನು ಬೇಡಿ ತಂದೆವು. ಸಣ್ಣಸ್ವಾಮಿಯವರು ಮನೆಯಲ್ಲಿದ್ದ, ಸುಮಾರು ತಮ್ಮಷ್ಟೇ ಎತ್ತರದ ಕಾರನ್ನು ಶೆಡ್ಡಿನಲ್ಲಿ ಬಿಟ್ಟು, ಯಾರದೋ ಎಂಟುನೂರನ್ನು ಬೇಡಿ ತಂದರು. ಅಷ್ಟು ಸಣ್ಣ ಗಾಡಿಯಲ್ಲಿ ಕಾಲು ಮಡಚಿ ಕ್ಲಚ್ಚು ತುಳಿಯುವ ಅಭ್ಯಾಸ ಆ ಮನೆಯ ಗಂಡಸರಿಗೆ ಯಾರಿಗೂ ಇಲ್ಲದ್ದರಿಂದ, ಹುಡುಗನ ಮನೆ ನೋಡುವ ಶಾಸ್ತ್ರಕ್ಕೆ ಬರಬಾರದ ಗಾನವಿಯೇ ಸ್ಟೀರಿಂಗ್ ಹಿಡಿದು ಬರಬೇಕಾಯಿತು. ಗೇಟಿನ ಹೊರಗೆ ಕಾರಿನಲ್ಲೇ ಕುಳಿತಿರುವುದು ಎಂದು ಅವರಲ್ಲಿ ಒಪ್ಪಂದವಾಗಿತ್ತಂತೆ.

ನೆಂಟರಿಗೆ ಓಣಿ ತಪ್ಪೀತೆಂದು ಮುಖ್ಯರಸ್ತೆಯಲ್ಲಿ ಎದುರುಗೊಳ್ಳಲು ನಾವು ಮೂವರು, ಅಂದರೆ ಗಿರಿ, ಅಪ್ಪಯ್ಯ ಮತ್ತು ನಾನು, ತಮ್ಮೊಳಗೆ ಕುಳಿತು ಹೊರಟೆವು. ಅವರಾದರೋ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಓಣಿ ಹೊಕ್ಕಿದ್ದರು. ಬೊಳ್ಳಪ್ಪನ ಗೇಟಿನ ಬಳಿ, ಎರಡೂ ಕಡೆ ದರೆ ಎದ್ದಿರುವಲ್ಲಿ, ಮೂಗಿಗೆ ಮೂಗು ತಾಗುವಂತೆ ತಾವೂ ಅವರ ಎಂಟುನೂರೂ ನಿಂತಿರಿ. ಪಕ್ಕದ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದ ಲಿಂಗಿ ಏಣಿಯ ಮೇಲಿಂದ, "ಬಾಟ್ಲಿಗೆ ಬಿರಡೆ ಹಾಕಿದ ಹಾಗೆ ಉಂಟು ನೋಡಿ" ಎಂದು ತಮ್ಮನ್ನು ಹೊಗಳಿದಳು.

ಬಂದ ನೆಂಟರನ್ನು ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಗಿರಿ ತಮ್ಮನ್ನು ರಿವರ್ಸಿಗೆ ಹಾಕಿದ. ಆಗ ತಮ್ಮ ಅಂತಃಕರಣದ ಮೃದುತ್ವ ನಮಗೆ ತಿಳಿಯಿತು. ಹಿಂದೆ ಬಾಗಿದ್ದ ಒಂದು ಕಾಫಿ ರೆಕ್ಕೆಯನ್ನು, ಅಂದರೆ ಗಿಡದ ಕೊಂಬೆಯನ್ನು, ಕಂಡು ತಾವು ಗೋಡೆಯನ್ನೇ ಕಂಡಂತೆ ಕೀರಲಿಟ್ಟು, ತಾವಾಗಿಯೇ ಬ್ರೇಕು ಹಾಕಿಕೊಂಡು, ಯಾರೋ ಹೆಣ್ಣುಮಗಳ ಕಂಠದಲ್ಲಿ ಇಂಗ್ಲಿಷಿನಲ್ಲಿ ಎಚ್ಚರಿಸಿದಿರಿ. ಮತ್ತೆ ಹಾಕಿದರೆ ಮತ್ತೆ ಎಚ್ಚರಿಸಿದಿರಿ. ಒಂದು ಎಲೆಗೂ ನೋವಾಗಬಾರದೆಂಬ ತಮ್ಮ ಅಹಿಂಸೆಗೆ ನಾನು ಕೈಮುಗಿಯುತ್ತೇನೆ. ಇಳಿದು ಆ ರೆಕ್ಕೆಯನ್ನು ಸರಿಸೋಣವೆಂದರೆ ದರೆ ಅಡ್ಡ ಬಂದು ತಮ್ಮ ಬಾಗಿಲುಗಳು ತೆರೆಯಲೊಲ್ಲವು.

ಕೊನೆಗೆ ನನ್ನ ತಮ್ಮ, ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ಎತ್ತಿಕಟ್ಟಿ, ತಮ್ಮ ನೆತ್ತಿಯ ಕಿಟಕಿಯಿಂದ ಸೊಂಟದವರೆಗೆ ಹೊರಬಂದು ಬೀಗರಿಗೆ ಕೈಮುಗಿದ. ಎದುರಿನ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದ ಮುತ್ತಮ್ಮನವರು ಗಾಜಿಳಿಸಿ ಕೇಳಿದರು: "ಯಾಕಪ್ಪಾ, ನಿಮ್ಮ್ ಕಡೆ ಬೀಗ್ರು ಸೂರಿಂದ ಹುಟ್ತಾರಾ?"

"ಇಲ್ಲಮ್ಮಾ, ಬಾಗ್ಲಿಂದಲೇ ಬರೋದು. ಇವತ್ತು ಬಾಗ್ಲು ತೆರೀತಿಲ್ಲ," ಎಂದ ಅಪ್ಪಯ್ಯ.

"ಅದಿರ್ಲಿ, ಹುಡುಗನ ಪಕ್ಕ ಯಾವಳೋ ಇಂಗ್ಲೀಷಲ್ಲಿ ಗದರ್‍ತಾವ್ಳಲ್ಲ, ಯಾರವ್ಳು?"

ಮಾನ್ಯರೇ, ಆ ಕ್ಷಣದಲ್ಲಿ ಸಣ್ಣಸ್ವಾಮಿಯವರ ಹುಬ್ಬು ಏರಿದ್ದನ್ನು, ಹಿಂದಿನ ಸೀಟಿನಲ್ಲಿ ಒತ್ತಿಕೊಂಡಿದ್ದ ಅವರ ತಮ್ಮಂದಿರಿಬ್ಬರು ಮತ್ತು ಭಾವ ಒಟ್ಟಿಗೆ ಕತ್ತು ಚಾಚಿದ್ದನ್ನು ನಾನು ತಮ್ಮ ಗಾಜಿನ ಮೂಲಕವೇ ನೋಡಿದೆ. ಅದು ಕಾರಿನ ದನಿ, ಹಿಂದಕ್ಕೆ ಹೋಗಬೇಡಿ ಎನ್ನುತ್ತಿದೆ ಎಂದು ಅಪ್ಪಯ್ಯ ವಿವರಿಸಿದ ಮೇಲೆ ಮುತ್ತಮ್ಮನವರ ಮುಖ ಅರಳಿತು. "ನೋಡು ಮತ್ತೆ! ಒಳ್ಳೇ ಕೆಲಸಕ್ಕೆ ಹೊಂಟ ಗಾಡಿ ಹಿಂದಕ್ಕೆ ಹೋಗ್ಬಾರ್ದು ಅಂತ ಅವ್ಳಿಗಾದ್ರೂ ಗೊತ್ತಲ್ಲ."

"ಅಜ್ಜೀ, ನಾನು ಒಂಚೂರು ರಿವರ್ಸ್ ತಗೊಂಡ್ರೆ ಏನಾಯ್ತದೆ?" ಎಂದಳು ಗಾನವಿ.

"ತಗೋ. ತಗೊಂಡ್ರೆ ಸೀದಾ ನಮ್ಮನೆ ಮುಂದೇನೇ ನಿಲ್ಸು. ಈ ಸಂಬಂಧ ಇಲ್ಗೇ ಮುಗೀತು."

ಇಳಿದು ನಡೆಯೋಣವೆಂದರೆ ತಾವು ನಡೆಯಲು ಅಂಗೈಯಗಲ ಜಾಗ ಉಳಿಸಿರಲಿಲ್ಲ. ಉಳಿಸಿದ್ದರೂ, ಬೀಗರ ಅಂಗಳದಲ್ಲಿ ಹೊರತು ನಡುದಾರಿಯಲ್ಲಿ ಕಾಲಿಡುವುದಿಲ್ಲವೆಂದು ಮುತ್ತಮ್ಮನವರು ಸೀಟು ಹಿಡಿದು ಕುಳಿತುಬಿಟ್ಟಿದ್ದರು. ಮುಂದೆ ತಾವು, ಹಿಂದೆ ಶಾಸ್ತ್ರ. ಗಿರಿಯ ಕಣ್ಣು ಕನ್ನಡಿಯಲ್ಲಿ ನನ್ನ ಕಡೆ ತಿರುಗಿತು. ಆ ಹುಡುಗ ಏನನ್ನಾದರೂ ನನ್ನಲ್ಲಿ ಬಾಯಿಬಿಟ್ಟು ಕೇಳಿದವನಲ್ಲ. ಅಂದು ಕೂಡ ಕೇಳಲಿಲ್ಲ, ಆದರೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದ.

ಆಗ ಗಾನವಿ ಕೇಳಿದಳು: "ಅಜ್ಜೀ, ಹಿಂದಕ್ಕೆ ಹೋಗ್ಬಾರ್ದು, ಸರಿ. ಮೇಲಕ್ಕೆ ಹೋಗ್ಬೋದಾ?"

ಮುತ್ತಮ್ಮನವರು ಎಲೆಯಡಿಕೆ ಮಡಚಿ ಬಾಯಿಗಿಟ್ಟುಕೊಂಡರು. ಅವರ ಅತ್ತೆ, ಅತ್ತೆಯ ಅತ್ತೆ ಹೇಳಿಹೋದದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಂತಿತ್ತು. "ಮ್ಯಾಲಕ್ಕೆ ಹೋಗ್ಬಾರ್ದು ಅಂತ ನಂಗ್ಯಾರೂ ಹೇಳಿಲ್ಲ," ಎಂದರು.

ಮುಂದಿನದನ್ನು ತಾವು ತಮ್ಮ ಎರಡು ದೀಪಗಳ ಕಣ್ಣಾರೆ ಕಂಡಿದ್ದೀರಿ, ಆದರೂ ಸಾರ್ವಜನಿಕರಿಗಾಗಿ ಹೇಳುತ್ತೇನೆ. ಲಿಂಗಿ ತನ್ನ ಏಣಿಯನ್ನು ತಮ್ಮ ಮೂತಿಗೆ ಒರಗಿಸಿದಳು, ಅಪ್ಪಯ್ಯನೂ ಗಿರಿಯೂ ನೆತ್ತಿಯಿಂದ ಇಳಿದರು. ಬಯಲಿನವರು ಒಂದು ಕಡೆ, ಬೆಟ್ಟದವರು ಒಂದು ಕಡೆ ನಿಂತು ಎಂಟುನೂರಕ್ಕೆ ಕೈಹಾಕಿದರು. ಗದ್ದಲ ಕೇಳಿ ಗೇಟಿನಿಂದ ಹೊರಬಂದಿದ್ದ ಬೊಳ್ಳಪ್ಪನಿಗೆ ಅತಿ ಭಾರದ ಮೂಲೆಯನ್ನು ಎರಡೂ ಕಡೆಯವರು ಒಮ್ಮತದಿಂದ ಬಿಟ್ಟುಕೊಟ್ಟರು. ಗಾನವಿ ಸೆರಗು ಸಿಕ್ಕಿಸಿ ಗಿರಿಯ ಪಕ್ಕದಲ್ಲೇ ಬಂಪರು ಹಿಡಿದಳು. ಕಾರು ಎದ್ದಿತು. ಒಳಗೆ ಮುತ್ತಮ್ಮನವರು ಎಲೆಯಡಿಕೆ ಜಗಿಯುತ್ತಾ, ಕಿಟಕಿಯಿಂದ ಕೈ ಚಾಚಿ, "ಎಡಕ್ಕೆ, ಎಡಕ್ಕೆ! ಬೊಳ್ಳಪ್ಪಾ, ಮುಖ ಯಾಕಂಗೆ ಮಾಡ್ತೀಯಾ, ನಾನೇನ್ ಅಷ್ಟ್ ಭಾರವಾ?" ಎಂದು ನಡೆಸಿಕೊಟ್ಟರು. ಹೀಗೆ ಆ ಕಾರು ಪಲ್ಲಕ್ಕಿಯಾಗಿ ಪಕ್ಕಕ್ಕೆ ಸರಿದು ಬೊಳ್ಳಪ್ಪನ ಗೇಟು ಹೊಕ್ಕಿತು. ಗಿರಿ ಏಣಿ ಹತ್ತಿ ಮತ್ತೆ ತಮ್ಮೊಳಗಿಳಿದು, ತಮ್ಮನ್ನೂ ನನ್ನನ್ನೂ ಮುಂದಕ್ಕೇ ಮುಖ್ಯರಸ್ತೆಗೆ ಮುಟ್ಟಿಸಿದ. ಅಲ್ಲಿ ತಮ್ಮ ಬಾಗಿಲು ತೆರೆದಾಗ ನಾನು ಮಗುವಿನಂತೆ ಓಡಿಬಂದೆ. ಅಷ್ಟರಲ್ಲಿ ಎಂಟುನೂರನ್ನು ಮತ್ತೆ ಎತ್ತಿ ಓಣಿಗಿಳಿಸಿದ್ದರು. ಯಾರೊಬ್ಬರೂ ಒಂದು ಗೇಣು ಹಿಂದಕ್ಕೆ ಹೋಗಲಿಲ್ಲ.

ನಮ್ಮ ಅಂಗಳದಲ್ಲಿ ಮುತ್ತಮ್ಮನವರು ಇಳಿದು, ಮನೆಯ ಕಡೆ ಕಣ್ಣೆತ್ತಿಯೂ ನೋಡದೆ, ಬೆವರು ಒರೆಸಿಕೊಳ್ಳುತ್ತಿದ್ದ ನಮ್ಮವರನ್ನೇ ಒಬ್ಬೊಬ್ಬರನ್ನಾಗಿ ನೋಡಿದರು. "ನನ್ ಮದ್ವೇಲೂ ನನ್ನ ಹಿಂಗ್ ಯಾರೂ ಹೊತ್ತಿರ್ಲಿಲ್ಲ. ಮನೆ ಏನ್ ನೋಡೋದು ಬುಡ್ರಿ, ಹೂಂ," ಎಂದರು. ಗಾನವಿಯನ್ನು ಗೇಟಿನ ಹೊರಗೆ ಕೂರಿಸುವುದು ಯಾರಿಗೂ ನೆನಪಾಗಲಿಲ್ಲ. ಅವಳು ಒಳಗೆ ಬಂದು, ಬೀಗರಿಗೆ ಕಾಫಿ ಸಾಲದೆ ಹೋದಾಗ ತಾನೇ ಹಾಲು ಕಾಯಿಸಿದಳು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಕೆಲವೇ. ಇನ್ನು ಮುಂದೆ ನಮ್ಮ ಓಣಿಗೆ ಬರುವ ಮೊದಲು ದಯವಿಟ್ಟು ಒಮ್ಮೆ ನಡೆದುಕೊಂಡು ಬಂದು ಅಳತೆ ನೋಡಿಕೊಳ್ಳಬೇಕು. ಎದುರಿಗೆ ಹಿರಿಯರು ಬಂದಾಗ ಹೊಟ್ಟೆ ಒಳಗೆಳೆದುಕೊಂಡು, ಅಗಲದಲ್ಲಿ ಅರ್ಧವಾಗುವುದನ್ನು ಅಭ್ಯಾಸ ಮಾಡಬೇಕು. ತಮ್ಮೊಳಗಿನ ಆ ಹೆಣ್ಣುಮಗಳನ್ನು ಒಂದು ಕೊಯ್ಲಿನ ಮಟ್ಟಿಗೆ ಲಿಂಗಿಯ ಬಳಿ ಬಿಟ್ಟು, ಎಲೆ ಯಾವುದು, ಗೋಡೆ ಯಾವುದು ಎಂದು ಕಲಿಸಬೇಕು. ಸಾಧ್ಯವಾದರೆ ಬೊಳ್ಳಪ್ಪನ ಸೊಂಟಕ್ಕೆ ಒಂದು ಸೀಸೆ ಎಣ್ಣೆಯನ್ನೂ ಕಳಿಸಿಕೊಡಬೇಕು.

ಇಂತು, ಒಂದು ಬೆಳಗ್ಗೆಯೆಲ್ಲ ತಮ್ಮ ಹೊಟ್ಟೆಯೊಳಗೆ ಕಳೆದೂ ದ್ವೇಷ ಸಾಧಿಸದ,
ತಮ್ಮ ವಿಶ್ವಾಸಿ,
ಯಮುನಾ
ಬಿಟ್ಟಂಗಾಲ

ತಾ.ಕ.: ಮದುವೆ ವಿರಾಜಪೇಟೆಯಲ್ಲಿ. ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡಿದ್ದೇವೆ. ಅದು ತಮಗಿಂತ ಬಹಳ ದೊಡ್ಡದು, ಆದ್ದರಿಂದಲೇ ಇರಬೇಕು, ಮುಖ್ಯರಸ್ತೆಯಲ್ಲೇ ನಿಂತು ನಾವು ನಡೆದು ಬರುವವರೆಗೆ ಕಾಯುತ್ತದಂತೆ. ತಮಗೂ ಆಮಂತ್ರಣವಿದೆ, ಬಸ್ಸಿನಲ್ಲಿ ಬೇಕಾದಷ್ಟು ಜಾಗವಿರುವುದರಿಂದ ತಾವು ಅದರೊಳಗೆ ಕುಳಿತು ಬಂದರೆ ಸಾಕು.