ಮೀಡಿಯಮ್ಮನ ಪದಚ್ಯುತಿ

"ಈ ಮಾತ್ರೆ ಒಂದು ಶುರುವಾಗಲಿ, ಆಮೇಲೆ ನೋಡಿ ನನ್ನ! ತಿಂಗಳು ತುಂಬೋದ್ರೊಳಗೆ ಮದುವೆ ಹೆಣ್ಣಿನ ಹಾಗೆ ಓಡಾಡ್ತಿರ್ತೀನಿ!"

ಹೊಲಿಗೆ ಅಂಗಡಿಯ ನಟ್ಟನಡುವೆ ನಿಂತು ಹೀಗೆ ಘೋಷಿಸಿದವಳು ಮೀಡಿಯಮ್ಮ. ಕೇಳಿಸಿಕೊಂಡವರು ಇಬ್ಬರು. ಒಬ್ಬರು ಕತ್ತರಿ ಹಿಡಿದ ಗಂಡ. ಅವರನ್ನು ಎಲ್ಲರೂ ಕರೆಯುವುದು 'ಮಾಸ್ಟರು' ಅಂತ. ಇನ್ನೊಬ್ಬಳು ಕಿಟಕಿ ಪಕ್ಕ ಗುಂಡಿ ಹೊಲಿಯುತ್ತಿದ್ದ ನಾದಿನಿ, ಅಂದರೆ ಮಾಸ್ಟರ ತಂಗಿ.

"ಮದುವೆ ಹೆಣ್ಣು ಎಲ್ಲಿ ಓಡಾಡ್ತಾಳೆ ಅತ್ತಿಗೆ? ಕೂತಲ್ಲೇ ಕೂತಿರ್ತಾಳೆ," ಅಂದಳು ನಾದಿನಿ, ದಾರ ಕಚ್ಚಿ ಹರಿಯುತ್ತ.

ಮಾಸ್ಟರು ನಗು ಬಂದರೂ ನಗಲಿಲ್ಲ. ಹೆಂಡತಿ ಮತ್ತು ತಂಗಿಯ ನಡುವೆ ಮೇಜು ಹಾಕಿಕೊಂಡು ಬದುಕುವ ಗಂಡಸಿಗೆ ಅಷ್ಟು ತಿಳಿವಳಿಕೆ ತಾನಾಗಿಯೇ ಬಂದಿರುತ್ತದೆ.

ಮೀಡಿಯಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಇಟ್ಟ ಹೆಸರು. ಈ ಅಂಗಡಿಯಲ್ಲಿ ಹೊಲಿಯುವುದು ಬರೀ ಸಮವಸ್ತ್ರ. ಬ್ಯಾಂಕಿನವರದು, ಹೋಟೆಲಿನವರದು, ಆಸ್ಪತ್ರೆಯವರದು. ಬೇರೆ ಅಂಗಡಿಗಳಲ್ಲಿ ಅಳತೆ ನೋಡಲು ಹತ್ತಿ ತುಂಬಿದ ಗೊಂಬೆ ಇರುತ್ತದೆ. ಇಲ್ಲೂ ಒಂದಿತ್ತು. "ಉಸಿರಾಡೋ ನಾನಿರುವಾಗ ತಲೆ ಇಲ್ಲದ ಅವಳು ಯಾಕ್ರೀ?" ಅಂತ ಮೀಡಿಯಮ್ಮ ಅದನ್ನು ಗುಜರಿಗೆ ಹಾಕಿಸಿದ್ದಳು. ಅಂದಿನಿಂದ ಪ್ರತಿ ಹೊಸ ಆರ್ಡರಿನ ಮೀಡಿಯಂ ಸೈಜು ಮೊದಲು ಅವಳ ಮೈಗೇ ಏರಬೇಕು. ಅವಳು ಕನ್ನಡಿ ಮುಂದಿನ ಮರದ ಪೀಠ ಹತ್ತಿ, ಕೈ ಎತ್ತಿ, ಇಳಿಸಿ, ಒಂದು ಸುತ್ತು ತಿರುಗಿ, "ಸರಿ" ಅನ್ನಬೇಕು. ಆಮೇಲೇ ಕತ್ತರಿ ಆಡಬೇಕು. ಅವಳಿಗಿಂತ ಕಡಿಮೆಯಾದದ್ದು ಸ್ಮಾಲ್, ಅವಳಿಗಿಂತ ಹೆಚ್ಚಾದದ್ದು ಲಾರ್ಜ್. ಪೀಠದ ಮೇಲೆ ನಿಂತಾಗ ಅವಳ ಗತ್ತು ನೋಡಬೇಕಿತ್ತು, ಪಟ್ಟದ ರಾಣಿಯೂ ಮುಂದೆ ನಿಲ್ಲಬಾರದು!

"ಊರಿನ ಅರ್ಧ ಜನ ನನ್ನ ಮೈಮೇಲಿಂದ ಇಳಿದ ಬಟ್ಟೆ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ," ಅನ್ನುತ್ತಿದ್ದಳು. ಮಾತು ಸುಳ್ಳೂ ಅಲ್ಲ.

ಇಂಥ ರಾಣಿಗೆ ಮುಟ್ಟು ನಿಲ್ಲುವ ಕಾಲ ಬಂತು. ಕೂತಲ್ಲಿ ಬೆವರು, ನಿಂತಲ್ಲಿ ಸಿಡುಕು, ನಿದ್ದೆಯಂತೂ ದೂರದ ಮಾತು. ಫ್ಯಾನಿನ ಗುಂಡಿ ಅವಳ ಕೈಯಲ್ಲಿ ಸವೆದುಹೋಯಿತು. ನಾದಿನಿಯೂ ಹೆಚ್ಚುಕಡಿಮೆ ಅವಳ ವಯಸ್ಸಿನವಳೇ. ಅವಳಿಗೂ ಅದೇ ಪಾಡು. ಇಬ್ಬರೂ ಒಟ್ಟಿಗೇ ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷಿಸಿ, ಇಬ್ಬರಿಗೂ ಒಂದೇ ಹಾರ್ಮೋನು ಮಾತ್ರೆ ಬರೆದುಕೊಟ್ಟರು.

"ಮೊದಮೊದಲು ಸ್ವಲ್ಪ ಸುಸ್ತು, ಸ್ವಲ್ಪ ಮೈ ಊದಿದ ಹಾಗೆ ಅನ್ನಿಸಬಹುದು. ಗಾಬರಿ ಆಗಬೇಡಿ," ಅಂದರು.

"ಅವಳಿಗೆ ಅನ್ನಿಸಬಹುದು," ಅಂದುಕೊಂಡಳು ಮೀಡಿಯಮ್ಮ ಮನಸ್ಸಿನಲ್ಲೇ. ಗುಂಡಿ ಹೊಲಿಯುವವಳು ದಿನವಿಡೀ ಕೂತಿರುತ್ತಾಳೆ, ಊದಿದರೆ ಅವಳೇ ಊದಬೇಕು. ಅದು ನ್ಯಾಯ!

ಆದದ್ದೇ ಬೇರೆ. ಬೆವರು ನಿಂತಿತು, ನಿದ್ದೆ ಬಂತು. ಎಷ್ಟು ಬಂತು ಅಂದರೆ ಹೋಗುವುದನ್ನೇ ಮರೆಯಿತು! ಮೀಡಿಯಮ್ಮ ಇಸ್ತ್ರಿ ಮೇಜಿಗೆ ಒರಗಿ ತೂಕಡಿಸಿದಳು. ಫೋನಿನಲ್ಲಿ ಬ್ಯಾಂಕ್ ಮ್ಯಾನೇಜರಿಗೆ "ಹೇಳಿ ಸಾರ್" ಅಂದು, ಅವರು ಹೇಳಿ ಮುಗಿಸುವಷ್ಟರಲ್ಲಿ ಗೊರಕೆ ಹೊಡೆದಳು. ಒಂದು ಮಧ್ಯಾಹ್ನ ಬಿಳಿ ಬಟ್ಟೆಯ ರಾಶಿಯ ಮೇಲೆ ಮಲಗಿದ್ದವಳನ್ನು ಗಿರಾಕಿಯೊಬ್ಬ ಬಟ್ಟೆ ಗಂಟು ಅಂದುಕೊಂಡು ಪಕ್ಕಕ್ಕೆ ಸರಿಸಲು ಹೋದ. ಸುಸ್ತಿನ ಜೊತೆಗೆ ಮೈಯೂ ಬಂತು. ಮೊದಲು ಉಂಗುರ ಬಿಗಿಯಾಯಿತು, ಆಮೇಲೆ ತೋಳು, ಆಮೇಲೆ ಎಲ್ಲವೂ.

ಇತ್ತ ನಾದಿನಿಯೋ, ಹಾಕಿದ ಅದೇ ನೀಲಿ ಅಂಗಿ, ಅದೇ ಹಳೇ ಹಸಿರು ಅಂಗಿ! ಒಂದು ಎಳೆಯೂ ಬಿಗಿಯಾಗಿಲ್ಲ. ತೂಕಡಿಸುವುದಿರಲಿ, ಕುರ್ಚಿಗೆ ಬೆನ್ನು ತಾಗಿಸುವುದನ್ನೂ ಬಿಟ್ಟಿದ್ದಳು. ದಿನವಿಡೀ ನೆಟ್ಟಗೆ, ಕೈ ಮೈಗಂಟಿಸಿಕೊಂಡು ಗಂಭೀರವಾಗಿ ಓಡಾಡುತ್ತಿದ್ದಳು.

"ಹೇಗೆ ಮೆರೀತಾಳೆ ನೋಡಿ ನಿಮ್ಮ ತಂಗಿ!" ಅಂದಳು ಮೀಡಿಯಮ್ಮ ಗಂಡನಿಗೆ.

"ಅವಳ ಪಾಡಿಗೆ ಅವಳು ನಿಂತಿದ್ದಾಳಲ್ಲೇ?"

"ಅದೇ! ಆ ನಿಲ್ಲೋದು ಇದೆಯಲ್ಲ, ಅದು ನನಗೆ ತೋರಿಸೋಕೆ!"

ಹೊಟ್ಟೆಕಿಚ್ಚಿಗೆ ಯಾವ ಹಾರ್ಮೋನೂ ಬೇಡ, ಅದು ಹಾಗೇ ಬೆಳೆಯುತ್ತದೆ. ಮೀಡಿಯಮ್ಮ ನಾದಿನಿಯ ತಟ್ಟೆ ಕದ್ದು ನೋಡಿದಳು. ಇಬ್ಬರ ತಟ್ಟೆಯಲ್ಲೂ ಅಷ್ಟೇ ಇತ್ತು. ನಾದಿನಿಯ ಚೀಲದಿಂದ ಮಾತ್ರೆ ತೆಗೆದು ತನ್ನದರ ಪಕ್ಕ ಇಟ್ಟು ನೋಡಿದಳು. ಅದೇ ಬಣ್ಣ, ಅದೇ ಗಾತ್ರ. ಮೂಸಿಯೂ ನೋಡಿದಳು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ನಿನಗೆ ಸುಸ್ತು ಗಿಸ್ತು ಏನೂ ಇಲ್ವೇನೇ?"

"ಅಯ್ಯೋ, ಇಲ್ಲಪ್ಪ! ನನಗೆ ಈ ಮಾತ್ರೆ ಎಷ್ಟು ಚೆನ್ನಾಗಿ ಒಗ್ಗಿದೆ ಗೊತ್ತಾ ಅತ್ತಿಗೆ," ಅಂದಳು ನಾದಿನಿ, ಉಗುಳು ನುಂಗಿ. "ನೀವು ಮಲ್ಕೊಳ್ಳಿ, ಮಲ್ಕೊಳ್ಳಿ. ಪುಣ್ಯವಂತರು."

ಪುಣ್ಯವಂತರಂತೆ! ಮೀಡಿಯಮ್ಮನ ಮೈಯೆಲ್ಲ ಉರಿದುಹೋಯಿತು.

ಆ ಹೊತ್ತಿಗೇ ದೊಡ್ಡಾಸ್ಪತ್ರೆಯ ಆರ್ಡರು ಬಂತು. ಗಂಡಸರು ಹೆಂಗಸರು ಎನ್ನದೆ ಎಲ್ಲರಿಗೂ ಒಂದೇ ಮಾದರಿಯ ಬಿಳಿ ಕೋಟು. ಇದು ಹಿಡಿಸಿದರೆ ವರ್ಷವರ್ಷವೂ ಇವರಿಗೇ ಕೆಲಸ. ಮಾಸ್ಟರು ಹಳೇ ಅಳತೆಯಲ್ಲೇ ಮೀಡಿಯಂ ಕೋಟು ಕತ್ತರಿಸಿ ಹೊಲಿದರು. ಮೀಡಿಯಮ್ಮ ಪೀಠ ಹತ್ತಿದಳು. ಕೋಟು ಹತ್ತಲಿಲ್ಲ. ಗುಂಡಿ ಒಂದು ದಿಕ್ಕಿಗೆ, ಕಾಜ ಒಂದು ದಿಕ್ಕಿಗೆ, ಮಾತು ಬಿಟ್ಟ ದಾಯಾದಿಗಳ ಹಾಗೆ ನಿಂತವು.

ಮಾಸ್ಟರು ಕೆಮ್ಮಿದರು. "ಸ್ವಲ್ಪ ಬಿಗಿ ಆಯ್ತೇನೋ..."

"ಸ್ವಲ್ಪ? ಏನು ಕಟ್ ಮಾಡಿದ್ದೀರಿ ಇದು? ಕೈ ನಡುಗೋಕೆ ಶುರುವಾಯ್ತಾ ನಿಮಗೆ?"

"ಅಳತೆ ಅದೇ ಕಣೇ..."

"ಹಾಗಾದ್ರೆ ನಾನು ಬೇರೆ ಅಂತೀರಾ?"

ಈ ಪ್ರಶ್ನೆಗೆ ಉತ್ತರ ಕೊಟ್ಟು ಮನೆಯಲ್ಲಿ ಊಟ ಮಾಡಿದ ಗಂಡ ಇನ್ನೂ ಹುಟ್ಟಿಲ್ಲ. "ಬಟ್ಟೆ ಕುಗ್ಗಿರಬೇಕು," ಅಂದರು ಮಾಸ್ಟರು, ಇನ್ನೂ ನೀರನ್ನೇ ಕಾಣದ ಬಟ್ಟೆಯನ್ನು ಸವರುತ್ತ. ಅಗಲಿಸಿ ಹೊಲಿದರು. ಮರುವಾರ ಮತ್ತೆ ಹಾಕಿಸಿ ನೋಡುವಷ್ಟರಲ್ಲಿ ಅದೂ ಬಿಗಿ. ಮತ್ತೆ ಅಗಲಿಸಿದರು. ಅದು ಸರಿಯಾಗಿ ಕೂತಾಗ ಮೀಡಿಯಮ್ಮ ಕಿಟಕಿಯ ಕಡೆ ಒಂದು ನೋಟ ಎಸೆದು, "ಸರಿ!" ಅಂದಳು. ಆ ಒಂದು 'ಸರಿ'ಯ ಮೇಲೆ ಇಡೀ ಆಸ್ಪತ್ರೆಗೆ ಕತ್ತರಿ ಆಡಿತು. ಅವಳೇ ಅಷ್ಟಾದ ಮೇಲೆ ಲಾರ್ಜ್ ಇನ್ನೆಷ್ಟಾಗಬೇಡ?

ಕೋಟುಗಳನ್ನು ಕಟ್ಟಿ ಕಳಿಸಿದ ದಿನವೇ ಮೀಡಿಯಮ್ಮ ಡಾಕ್ಟರಮ್ಮನ ಹತ್ತಿರ ಜಗಳಕ್ಕೆ ಹೋದಳು.

"ನನ್ನ ನಾದಿನಿಗೆ ಕೊಟ್ಟಿರೋ ಮಾತ್ರೆನೇ ನನಗೂ ಕೊಡಿ."

"ಅದನ್ನೇ ಕೊಟ್ಟಿದ್ದೀನಲ್ಲಮ್ಮ."

"ಹಾಗಾದ್ರೆ ಅವಳದ್ದು ನಿಲ್ಲಿಸಿ!"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಿಮ್ಮ, ಮೈ ಬರೋಕೆ ಮಾತ್ರೆ ಒಂದೇ ಕಾರಣ ಅಲ್ಲ. ಈ ವಯಸ್ಸಲ್ಲಿ ಎಲ್ಲರ ಮೈಯೂ ಸ್ವಲ್ಪ ಬದಲಾಗುತ್ತೆ. ಊತ, ಸುಸ್ತು ಕೆಲವು ತಿಂಗಳಲ್ಲಿ ಇಳಿಯುತ್ತೆ. ಇಳಿಯದಿದ್ರೆ ಪ್ರಮಾಣ ಬದಲಾಯಿಸೋಣ. ನಿಮ್ಮ ನಾದಿನಿಗೆ ಹೇಗಿದೆ ಅಂತ ನಾನು ಹೇಳೋ ಹಾಗಿಲ್ಲ. ಅವರನ್ನೇ ಕೇಳಿ."

"ಕೇಳೋದೇನು, ಕಣ್ಣಿಗೆ ಕುಕ್ತಾ ಇದೆಯಲ್ಲ!" ಅಂದು ಬಾಗಿಲು ದೂಡಿಕೊಂಡು ಬಂದಳು.

ಅಂಗಡಿಗೆ ಬಂದರೆ ಅಲ್ಲೊಂದು ಬಿಳಿ ಡೇರೆ ನಿಂತಿತ್ತು. ಡೇರೆಯ ತುದಿಯಲ್ಲಿ ಒಂದು ಕೆಂಪಾದ ಮುಖ. ಅದು ದೊಡ್ಡಾಸ್ಪತ್ರೆಯ ಹೆಡ್ ನರ್ಸು.

"ಇದು ಮೀಡಿಯಮ್ಮಾ?" ಅಂದರು ಅವರು. ತನ್ನ ಹೆಸರು ಕೇಳಿ ಮೀಡಿಯಮ್ಮ ಬೆಚ್ಚಿಬಿದ್ದಳು. "ನೀವೇ ನೋಡಿ! ಇದರಲ್ಲಿ ನಾನೂ ನನ್ನ ರೋಗಿನೂ ಒಟ್ಟಿಗೆ ವಾರ್ಡಿಗೆ ಹೋಗಬಹುದು! ಲಾರ್ಜ್ ಹಾಕ್ಕೊಂಡ ನಮ್ಮ ಕಾಂಪೌಂಡರು ತೋಳು ಹುಡುಕ್ತಾ ಇನ್ನೂ ಒಳಗೇ ಇದ್ದಾರೆ! ಯಾರ ಅಳತೆಗೆ ಹೊಲಿದ್ರಿ ಇದನ್ನ?"

ಮಾಸ್ಟರು ನೆಲ ನೋಡಿದರು. ನಾದಿನಿ ಸೂಜಿ ನೋಡಿದಳು. ಹೆಡ್ ನರ್ಸು ಎಲ್ಲರನ್ನೂ ಒಂದು ಸಲ ನೋಡಿ, ಕಂಕುಳಲ್ಲಿದ್ದ ತಮ್ಮ ಹಳೇ ಕೋಟನ್ನು ಮೇಜಿನ ಮೇಲೆ ಹಾಕಿದರು.

"ಇದು ನಮ್ಮ ಹಳೇ ಮೀಡಿಯಂ. ನಿಮ್ಮಲ್ಲಿ ಯಾರಿಗೆ ಇದು ಸರಿಯಾಗಿ ಆಗುತ್ತೋ ಅವರ ಅಳತೆಗೆ ಎಲ್ಲವನ್ನೂ ಬಿಚ್ಚಿ ಹೊಲೀರಿ. ಇನ್ಮೇಲೆ ಅವರ ಅಳತೆನೇ. ಇಲ್ದಿದ್ರೆ ಬೇರೆ ಅಂಗಡಿ ನೋಡ್ತೀವಿ."

ಮೀಡಿಯಮ್ಮ ಕೋಟು ಎತ್ತಿಕೊಂಡಳು. ಕೈ ಹಾಕಿದಳು. ಅದು ಮೊಣಕೈ ದಾಟಲಿಲ್ಲ. ಎಲ್ಲರೆದುರೇ, ಆ ಪೀಠದ ಪಕ್ಕದಲ್ಲೇ! ಅಷ್ಟರಲ್ಲಿ ಮಾಸ್ಟರ ಕಣ್ಣು ಮೆಲ್ಲಗೆ ಕಿಟಕಿಯ ಕಡೆ ಹೊರಳಿತು. ಅವಳು ಹೆದರುತ್ತಿದ್ದದ್ದೂ ಅದಕ್ಕೇ.

"ಹೋಗಮ್ಮ ತಾಯಿ, ಹತ್ತು! ನಿನ್ನ ಕಾಲ ಬಂತು! ಇದಕ್ಕೇ ತಾನೇ ಇಷ್ಟು ದಿನ ನೆಟ್ಟಗೆ ನಿಂತಿದ್ದು?" ಅಂದಳು ನಾದಿನಿಗೆ. ಅಳು ಬಂದಿತ್ತು, ಕೋಪದ ಹಾಗೆ ಕೇಳಿಸಿತು.

"ನಾನು ಒಲ್ಲೆ ಅತ್ತಿಗೆ! ನನಗೆ ಗುಂಡಿ ಹಾಕೋದಿದೆ!"

"ನಾಟಕ ಬೇಡ! ಬಾ!"

ಮೀಡಿಯಮ್ಮ ಅವಳನ್ನು ರಟ್ಟೆ ಹಿಡಿದು ಎಳೆದು ಪೀಠ ಹತ್ತಿಸಿ, ಕೋಟು ಹಾಕಲು ಕೈ ಎತ್ತಿಸಿದಳು. ಚರ್‍ರ್! ನೀಲಿ ಅಂಗಿ ಕಂಕುಳಿನಿಂದ ಸೊಂಟದವರೆಗೂ ಬಾಯಿ ತೆರೆಯಿತು. ತೆರೆದ ಜಾಗದಲ್ಲಿ ಒಂದು ನೀಲಿ ಪಟ್ಟಿ. ಅದರ ಪಕ್ಕ ಇನ್ನೊಂದು. ಅದರಾಚೆಗೆ ಮತ್ತೊಂದು. ಹಳೇ ಹೊಲಿಗೆ ಬಿಚ್ಚಿ, ಅದೇ ಬಣ್ಣದ ಬಟ್ಟೆ ಹುಡುಕಿ, ಕಣ್ಣಿಗೆ ಕಾಣದ ಹಾಗೆ ಕೂಡಿಸಿದ್ದ ಪಟ್ಟಿಗಳು! ಇಂಥ ಸಣ್ಣ ಹೊಲಿಗೆ ಹಾಕುವ ಕೈ ಆ ಅಂಗಡಿಯಲ್ಲಿ ಒಂದೇ ಇತ್ತು.

ಮೀಡಿಯಮ್ಮ ಬಾಯಿ ಬಿಟ್ಟಳು. "ಎಷ್ಟು ಸಲ ಅಗಲಿಸಿದ್ದೀಯೇ?"

"ವಾರ ವಾರ," ಅಂದಳು ನಾದಿನಿ, ಎರಡೂ ಕೈಯಲ್ಲಿ ಅಂಗಿ ಮುಚ್ಚಿಕೊಂಡು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ನಿಮಗಿಂತ ಜಾಸ್ತಿ ದಪ್ಪ ಆಗಿದ್ದೀನಿ ಅಂತ ಗೊತ್ತಾದ್ರೆ ನೀವು ಬಿಡ್ತಿದ್ರಾ? ಅದಕ್ಕೇ ಮುಚ್ಚಿಟ್ಟೆ. ನೀವು ಬಟ್ಟೆ ರಾಶಿ ಮೇಲೆ ಕಾಲು ಚಾಚಿ ಗೊರಕೆ ಹೊಡೀತಿದ್ರೆ ನನಗೆ ಹೊಟ್ಟೆ ಉರೀತಿತ್ತು ಅತ್ತಿಗೆ! ನನಗೂ ನಿದ್ದೆ ಎಳೀತಿತ್ತು. ಒರಗಿದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ, ಕೈ ಎತ್ತಿದ್ರೆ ಹರಿಯುತ್ತೆ. ಬಾಗೋ ಹಾಗಿಲ್ಲ, ಸೀನೋ ಹಾಗಿಲ್ಲ. ನಾನು ಪಟ್ಟ ಪಾಡು ನನಗೇ ಗೊತ್ತು!"

ಮೀಡಿಯಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು ಅಂದರೆ ಕೇಳಲು ಚೆನ್ನಾಗಿರುವುದಿಲ್ಲ, ಆದರೆ ಆಯಿತು. ಸಂತೋಷದ ಹಿಂದೆಯೇ ನಾಚಿಕೆಯೂ ಬಂತು. ಕೊರಳಲ್ಲಿದ್ದ ಟೇಪು ತೆಗೆದಿಟ್ಟು, ಅಂಗಡಿಯಲ್ಲೇ ಉಳಿದಿದ್ದ ಡೇರೆಗಾತ್ರದ ಮಾದರಿ ಕೋಟನ್ನು ನಾದಿನಿಗೆ ಹೊದಿಸಿ, ಅವಳನ್ನು ಪೀಠದಿಂದ ಇಳಿಸಿ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ಹುಚ್ಚಿ! ಮೊದಲೇ ಹೇಳಬಾರದಿತ್ತಾ? ಇಬ್ಬರೂ ಒಟ್ಟಿಗೇ ಮಲಗ್ತಿದ್ವಲ್ಲ!"

"ನಾನು ನಿಮಗಿಂತ ದಪ್ಪ ಆದೆ ಅಂತ ನೀವು ಖುಷಿಪಡ್ತೀರಿ ಅಂದ್ಕೊಂಡೆ..."

"ಪಡ್ತಿದ್ದೆ," ಅಂದಳು ಮೀಡಿಯಮ್ಮ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬಹಳ ದಿನಗಳ ಮೇಲೆ ಆ ಅಂಗಡಿಯಲ್ಲಿ ಹೊಟ್ಟೆಕಿಚ್ಚು ಅನ್ನುವುದು ಪೂರ್ತಿ ಆರಿತ್ತು. ಸ್ವಲ್ಪ ಹೊತ್ತಷ್ಟೇ.

ಯಾಕೆಂದರೆ ಹೆಡ್ ನರ್ಸು ತಾಳ್ಮೆ ಕಳೆದುಕೊಂಡು, ಹಳೇ ಕೋಟನ್ನು ಮಾಸ್ಟರ ಕಡೆ ಎಸೆದರು. "ನೀವು ಹಾಕಿ ಸ್ವಾಮಿ, ನೋಡೋಣ!"

ಮಾಸ್ಟರು ಹಾಕಿಕೊಂಡರು. ಭುಜದ ಮೇಲೆ ಭುಜ, ಸೊಂಟದ ಮೇಲೆ ಸೊಂಟ. ಗುಂಡಿಗಳು ತಾವಾಗಿ ಹೋಗಿ ಕಾಜದೊಳಗೆ ಕೂತವು. ಎರಕ ಹೊಯ್ದ ಹಾಗೆ! ಹೆಡ್ ನರ್ಸಿನ ಮುಖ ಅರಳಿತು. ಮಾಸ್ಟರು ಯಾರೂ ಹೇಳದೆಯೇ ಪೀಠ ಹತ್ತಿ, ಕೈ ಎತ್ತಿ, ಇಳಿಸಿ, ಒಂದು ಸುತ್ತು ತಿರುಗಿದರು. ಕನ್ನಡಿಯಲ್ಲಿ ತಮ್ಮ ಬೆನ್ನನ್ನೂ ನೋಡಿಕೊಂಡರು.

ಕೆಳಗೆ ಕೂತ ಅತ್ತಿಗೆ ನಾದಿನಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹಲ್ಲು ಕಡಿದರು.

"ಇದೇ ಮೀಡಿಯಂ! ಇವರದ್ದೇ ಅಳತೆ!" ಅಂದರು ಹೆಡ್ ನರ್ಸು. "ಅಬ್ಬಾ, ಈ ವಯಸ್ಸಲ್ಲೂ ಮೈ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ ಮಾಸ್ಟ್ರೇ! ನೀವು ಯಾವ ಮಾತ್ರೆ ತಗೋತೀರಿ?"

ಮಾಸ್ಟರು ಕೋಟಿನ ಕಾಲರು ಸರಿಮಾಡಿಕೊಂಡರು.

"ನಾನು ಏನೂ ತಗೊಳ್ಳಲ್ಲ ಸಿಸ್ಟರ್. ಮಾತ್ರೆ ತಗೊಳ್ಳೋದು ಇವರಿಬ್ಬರು. ಒಬ್ಬಳು ಮಲಗ್ತಾಳೆ, ಒಬ್ಬಳು ಬಾಗೋದೇ ಇಲ್ಲ. ಇಬ್ಬರ ಕೆಲಸಕ್ಕೂ ಓಡಾಡೋನು ನಾನು."